ಹೆಸರುಗಳು ಯಾರ ಬಳಿ ಇರಬೇಕು?

ವಿಂಡೋಸ್ ಎನ್‌ಟಿ 4.0ರ ಐದನೆಯ ಸರ್ವಿಸ್ ಪ್ಯಾಕ್ 1999ರಲ್ಲಿ ಹೊರಬಂದಾಗ ಮೈಕ್ರೋಸಾಫ್ಟ್‌ನಲ್ಲಿ ಯಾರೋ ಒಂದು ಸಣ್ಣ ಕೆಲಸ ಮರೆತಿದ್ದರು. ಅದರೊಳಗಿನ ಒಂದು ಡಿಎಲ್ಎಲ್ ಕಡತದಿಂದ ಡೀಬಗ್ ಸಿಂಬಲ್‌ಗಳನ್ನು, ಅಂದರೆ ಪ್ರೋಗ್ರಾಮಿನ ಒಳಗಿನ ಹೆಸರುಗಳನ್ನು, ತೆಗೆದಿರಲಿಲ್ಲ. ಗೂಢಲಿಪಿಯ ಘಟಕಗಳು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ವಿಂಡೋಸ್ ಎರಡು ಕೀಲಿಗಳನ್ನು ತನ್ನೊಳಗೆ ಇಟ್ಟುಕೊಂಡಿದೆ ಎಂಬುದು ಸಂಶೋಧಕರಿಗೆ ಅದಕ್ಕೂ ಮೊದಲೇ ತಿಳಿದಿತ್ತು. ಆದರೆ ಅವು ಬರೀ ಅಂಕಿಗಳು. ಯಾರಿಗಾಗಿ ಇಟ್ಟದ್ದು ಎಂದು ಅಂಕಿ ಹೇಳುವುದಿಲ್ಲ. ಕೆನಡಾದ ಕ್ರಿಪ್ಟೋನಿಮ್ ಸಂಸ್ಥೆಯ ಆಂಡ್ರ್ಯೂ ಫರ್ನಾಂಡಿಸ್ ಈ ಹೊಸ ಕಡತವನ್ನು ಬಿಚ್ಚಿ ನೋಡಿದಾಗ ಅಂಕಿಗಳ ಪಕ್ಕದಲ್ಲಿ ಹೆಸರುಗಳೂ ಇದ್ದವು. ಒಂದು 'ಕೀ'. ಇನ್ನೊಂದು 'ಎನ್ಎಸ್ಎಕೀ'.

ಎನ್ಎಸ್ಎ ಎಂದರೆ ಜಗತ್ತಿನ ಸಂದೇಶಗಳನ್ನು ಕದ್ದು ಕೇಳುವ ಅಮೆರಿಕದ ಗೂಢಚರ್ಯೆ ಸಂಸ್ಥೆ. ಗದ್ದಲ ಎದ್ದಿತು. ಗೂಢಲಿಪಿಯ ರಫ್ತಿಗೆ ತಾಂತ್ರಿಕ ಪರಿಶೀಲನೆ ನಡೆಸುವುದು ಆ ಸಂಸ್ಥೆ, ಅದರ ನಿಯಮಕ್ಕೆ ತಕ್ಕಂತೆ ಮಾಡಿದ ಬದಲಿ ಕೀಲಿಯಾದ್ದರಿಂದ ಆ ಹೆಸರು, ಕೀಲಿ ಮಾತ್ರ ನಮ್ಮ ಕೈಯಲ್ಲೇ ಇದೆ ಎಂದು ಮೈಕ್ರೋಸಾಫ್ಟ್ ವಿವರಣೆ ಕೊಟ್ಟಿತು. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಇಂದಿಗೂ ಅದು ಅಲ್ಲಿಗೇ ನಿಂತಿದೆ.

ತಂತ್ರಾಂಶದವರು ಈ ಕತೆಯನ್ನು ಹೊಸಬರಿಗೆ ಎಚ್ಚರಿಕೆಯಾಗಿ ಹೇಳುತ್ತಾರೆ: ಕಡತವನ್ನು ಹೊರಗೆ ಕಳಿಸುವ ಮುನ್ನ ಮರೆಯದೆ ಸ್ಟ್ರಿಪ್ ಮಾಡು, ಅಂದರೆ ಹೆಸರುಗಳನ್ನು ಕಿತ್ತುಹಾಕು. ನನಗೆ ಇದರಲ್ಲಿ ಕಾಣುವುದು ಬೇರೆ. ಸ್ಟ್ರಿಪ್ ಮಾಡಿದ್ದರೂ ಆ ಎರಡನೆಯ ಕೀಲಿ ಅಲ್ಲೇ ಇರುತ್ತಿತ್ತು. ಹೆಸರು ಉಳಿದದ್ದರಿಂದ ಹೊರಗಿನವನೊಬ್ಬನಿಗೆ ಅದರ ಬಗ್ಗೆ ಪ್ರಶ್ನೆ ಕೇಳಲು ಆಸ್ಪದ ಸಿಕ್ಕಿತು, ಕಂಪನಿ ಉತ್ತರ ಹೇಳಬೇಕಾಯಿತು. ಹಾಗಾಗಿ ಹೆಸರುಗಳನ್ನು ಕಡತದಿಂದ ತೆಗೆಯಬೇಕೇ ಬೇಡವೇ ಎಂಬುದಕ್ಕಿಂತ, ತೆಗೆದ ಮೇಲೆ ಅವು ಎಲ್ಲಿ ಹೋಗುತ್ತವೆ, ಯಾರ ಬಳಿ ಉಳಿಯುತ್ತವೆ ಎಂಬುದು ದೊಡ್ಡ ಪ್ರಶ್ನೆ. ಇದನ್ನು ನಾವು ಬಿಲ್ಡ್ ಸ್ಕ್ರಿಪ್ಟಿನ ಒಂದು ಸಾಲಿಗೆ ಬಿಟ್ಟುಕೊಟ್ಟಿದ್ದೇವೆ.

ವಿಷಯಕ್ಕೆ ಹೊಸಬರಿಗಾಗಿ ಎರಡು ಮಾತು. ಪ್ರೋಗ್ರಾಮ್ ಬರೆಯುವವರು ಪ್ರತಿಯೊಂದಕ್ಕೂ ಹೆಸರಿಡುತ್ತಾರೆ: ಬಡ್ಡಿ ಲೆಕ್ಕ ಹಾಕುವ ಫಂಕ್ಷನ್ನಿಗೊಂದು, ಅಸಲನ್ನು ಇಟ್ಟುಕೊಳ್ಳುವ ವೇರಿಯಬಲ್‌ಗೊಂದು. ಪ್ರೊಸೆಸರಿಗೆ ಈ ಹೆಸರುಗಳು ಬೇಡ, ವಿಳಾಸ ಸಾಕು. ಆದರೂ ಕಂಪೈಲರ್ ಮತ್ತು ಲಿಂಕರ್ ಸೇರಿ ಎರಡು ಬಗೆಯ ಪಟ್ಟಿಗಳನ್ನು ಕಡತದಲ್ಲಿ ಉಳಿಸಬಲ್ಲವು. ಒಂದು ಸಿಂಬಲ್ ಟೇಬಲ್. ಇಂಥ ವಿಳಾಸದಲ್ಲಿ ಇಂಥ ಹೆಸರಿನ ಫಂಕ್ಷನ್ ಶುರುವಾಗುತ್ತದೆ, ಇಷ್ಟು ಬೈಟ್ ಉದ್ದವಿದೆ ಎಂದು ಹೇಳುವ ಸರಳ ಪಟ್ಟಿ. ಎರಡನೆಯದು ಡೀಬಗ್ ಮಾಹಿತಿ, ಇದು ಭಾರಿ ಸಂಸಾರ. ಲಿನಕ್ಸ್‌ನಲ್ಲಿ ಇದರ ರೂಪಕ್ಕೆ ಡ್ವಾರ್ಫ್ ಎನ್ನುತ್ತಾರೆ (ಕಡತದ ರೂಪದ ಹೆಸರು ಎಲ್ಫ್, ಯಕ್ಷನಿಗೊಬ್ಬ ಕುಬ್ಜ ಇರಲಿ ಎಂದು ಯಾರೋ ಮಾಡಿದ ತಮಾಷೆ). ಈ ಯಂತ್ರಸೂಚನೆ ಯಾವ ಸೋರ್ಸ್ ಕಡತದ ಎಷ್ಟನೇ ಸಾಲಿನಿಂದ ಬಂತು, ಈ ಘಳಿಗೆಯಲ್ಲಿ ಆ ವೇರಿಯಬಲ್ ಯಾವ ರಿಜಿಸ್ಟರಿನಲ್ಲಿದೆ, ಸಣ್ಣ ಫಂಕ್ಷನ್ನೊಂದನ್ನು ಕಂಪೈಲರ್ ದೊಡ್ಡದರೊಳಗೆ ಕರಗಿಸಿದ್ದರೆ ಎಲ್ಲಿ ಕರಗಿಸಿತು, ಇಷ್ಟೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಇವನ್ನು ಕಿತ್ತುಹಾಕುವುದೇ ಸ್ಟ್ರಿಪ್ ಮಾಡುವುದು. ಹೊಲದ ಬಾಂದುಕಲ್ಲು ಕಿತ್ತಂತೆ ಇದು: ಮಣ್ಣೂ ಇರುತ್ತದೆ, ಬೆಳೆಯೂ ಬರುತ್ತದೆ, ತಕರಾರು ಬಂದ ದಿನ ಮಾತ್ರ ಎಲ್ಲಿ ನಿಂತಿದ್ದೇವೆಂದು ಹೇಳಲಾಗುವುದಿಲ್ಲ.

ಈ ಪದ್ಧತಿ ಯುನಿಕ್ಸ್‌ನಷ್ಟೇ ಹಳೆಯದು. 1971ರ ನವೆಂಬರ್‌ನಲ್ಲಿ ಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಸ್ಟ್ರಿಪ್ ಎಂಬ ಕಮಾಂಡ್ ಇದೆ. ಆಗ ಬೆಲ್ ಲ್ಯಾಬ್ಸ್‌ನ ಪಿಡಿಪಿ-11 ಯಂತ್ರಕ್ಕಿದ್ದ ಮೆಮೊರಿ 24 ಕಿಲೋಬೈಟ್, ಡಿಸ್ಕ್ 512 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಆ ಡಿಸ್ಕಿನಲ್ಲಿ ಹಿಡಿಸುವುದಿಲ್ಲ. ಅಂಥ ಜಾಗದಲ್ಲಿ ಕಾರ್ಯಾಚರಣೆ ವ್ಯವಸ್ಥೆ, ಅದರ ಉಪಕರಣಗಳು, ಎಲ್ಲರ ಕಡತಗಳು ಇರಬೇಕಿತ್ತು. ಹೆಸರುಗಳನ್ನು ಕಿತ್ತು ಬಿಸಾಡುವುದು ಅಲ್ಲಿ ವಿವೇಕವೇ ಆಗಿತ್ತು.

ಆ ಅಭ್ಯಾಸಕ್ಕೆ ಇಂದು ಮೂರು ಸಮರ್ಥನೆ ಕೇಳಿಬರುತ್ತವೆ: ವೇಗ, ಗಾತ್ರ, ಗೋಪ್ಯತೆ. ವೇಗದ ಮಾತನ್ನು ಬೇಗ ಮುಗಿಸಬಹುದು, ಏಕೆಂದರೆ ಅದು ಸುಳ್ಳು. ಪ್ರೋಗ್ರಾಮ್ ಚಾಲೂ ಆದಾಗ ಡೀಬಗ್ ವಿಭಾಗಗಳು ಮೆಮೊರಿಗೆ ಬರುವುದೇ ಇಲ್ಲ. ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಸ್ಟ್ರಿಪ್ ಮಾಡಿದ್ದಕ್ಕೆ ಆ್ಯಪ್ ಚುರುಕಾಯಿತು ಎನ್ನುವವರು ಬಹುಪಾಲು ಅದೇ ವೇಳೆಗೆ ಕಂಪೈಲರಿನ ಆಪ್ಟಿಮೈಸೇಶನ್ನನ್ನೂ ಹೆಚ್ಚಿಸಿರುತ್ತಾರೆ.

ಗಾತ್ರದ ಮಾತು ನಿಜ. ಸಿ++ ಅಥವಾ ರಸ್ಟ್‌ನಲ್ಲಿ ಬರೆದ ಪ್ರೋಗ್ರಾಮಿನ ಡೀಬಗ್ ಮಾಹಿತಿ ಕೋಡಿನ ಹಲವು ಪಟ್ಟು ಬೆಳೆಯುವುದು ಮಾಮೂಲು. ರಸ್ಟ್‌ನಲ್ಲಿ ಒಂದು ಸಾಲು ಮುದ್ರಿಸುವ ಪುಟ್ಟ ಪ್ರೋಗ್ರಾಮ್ ಕೂಡ ಲಿನಕ್ಸ್‌ನಲ್ಲಿ ನಾಲ್ಕು ಎಂಬಿ ಆಸುಪಾಸು ಇರುತ್ತಿತ್ತು; ಅದರ ಬಹುಭಾಗ ಭಾಷೆಯ ಜೊತೆ ಬರುವ ಲೈಬ್ರರಿಯ ಡೀಬಗ್ ಮಾಹಿತಿ. 2024ರ ಮಾರ್ಚ್‌ನಲ್ಲಿ ಬಂದ 1.77ನೇ ಆವೃತ್ತಿಯಿಂದ ರಸ್ಟ್‌ನ ಬಿಲ್ಡ್ ಉಪಕರಣವಾದ ಕಾರ್ಗೋ ರಿಲೀಸ್ ಬಿಲ್ಡ್‌ಗಳಲ್ಲಿ ತಾನಾಗಿ ಅದನ್ನು ತೆಗೆಯಲು ಶುರುಮಾಡಿತು, ಗಾತ್ರ ಅರ್ಧ ಎಂಬಿಗಿಂತ ಕೆಳಗಿಳಿಯಿತು. ನಾಲ್ಕೋ ಎಂಟೋ ಎಂಬಿ ಫ್ಲ್ಯಾಶ್ ಇರುವ ಮನೆಯ ವೈಫೈ ರೂಟರ್‌ಗೆ ಇದು ಅಳಿವು ಉಳಿವಿನ ಪ್ರಶ್ನೆ. ತಿಂಗಳ ಡೇಟಾ ಲೆಕ್ಕ ಹಾಕಿ ಆ್ಯಪ್ ಇಳಿಸಿಕೊಳ್ಳುವವರಿಗೂ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಬಳಕೆದಾರರ ಕೈಗೆ ಹೋಗುವ ಕಡತವನ್ನು ಸ್ಟ್ರಿಪ್ ಮಾಡಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಕೈಗೆ ಸಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕಬಾರದು, ಅಷ್ಟೆ. ಕರ್ನಲ್ ಮಾಡ್ಯೂಲಿನ ಸಿಂಬಲ್‌ಗಳನ್ನೆಲ್ಲ ಕಿತ್ತರೆ ಅದು ಲೋಡ್ ಆಗುವುದಿಲ್ಲ, ಸ್ಟ್ಯಾಟಿಕ್ ಲೈಬ್ರರಿಯಲ್ಲಿ ಹಾಗೆ ಮಾಡಿದರೆ ಲಿಂಕ್ ಆಗುವುದಿಲ್ಲ. ಇದನ್ನು ಪ್ರತಿ ತಲೆಮಾರಿನವರೂ ಒಮ್ಮೆ ಕೈ ಸುಟ್ಟುಕೊಂಡೇ ಕಲಿಯುತ್ತಾರೆ.

ಮೂರನೆಯ ಸಮರ್ಥನೆ ಗೋಪ್ಯತೆ. ಹೆಸರುಗಳನ್ನು ಬಿಟ್ಟುಕೊಟ್ಟರೆ ದಾಳಿಕೋರರಿಗೆ ನಕಾಶೆ ಕೊಟ್ಟ ಹಾಗೆ, ಪ್ರತಿಸ್ಪರ್ಧಿಗೆ ವ್ಯಾಪಾರದ ಗುಟ್ಟು ಕೊಟ್ಟ ಹಾಗೆ ಎಂಬ ವಾದ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. 'ಚೆಕ್ ಲೈಸೆನ್ಸ್' ಎಂಬ ಹೆಸರಿನ ಫಂಕ್ಷನ್ ಕಂಡರೆ ಎಲ್ಲಿ ಕೈಹಾಕಬೇಕೆಂದು ಕಳ್ಳಪ್ರತಿ ಮಾಡುವವನಿಗೆ ಹೇಳಿಕೊಡಬೇಕಾಗಿಲ್ಲ. ಹೆಸರಿಲ್ಲದಿದ್ದರೆ ಅವನಿಗೆ ಹೆಚ್ಚು ದಿನ ಹಿಡಿಯುತ್ತದೆ. ಆದರೆ ಸಿಗುವುದು ಅಷ್ಟೇ, ಒಂದಿಷ್ಟು ವಿಳಂಬ. ಕೋಡು ಅಲ್ಲೇ ಇದೆ. ಹೊರಗಿನ ಲೈಬ್ರರಿಗಳೊಂದಿಗೆ ಮಾತಾಡಲು ಬೇಕಾದ ಡೈನಾಮಿಕ್ ಸಿಂಬಲ್‌ಗಳನ್ನು ತೆಗೆಯಲು ಬರುವುದಿಲ್ಲ. ಪರದೆಯ ಮೇಲೆ ತೋರಿಸುವ ದೋಷಸಂದೇಶಗಳು ಅಕ್ಷರಶಃ ಒಳಗೆ ಕೂತಿರುತ್ತವೆ. ಗೋ ಭಾಷೆಯ ಪ್ರೋಗ್ರಾಮುಗಳಲ್ಲಂತೂ ಸ್ಟ್ರಿಪ್ ಮಾಡಿದ ಮೇಲೂ ಫಂಕ್ಷನ್ ಹೆಸರುಗಳ ಇನ್ನೊಂದು ಪಟ್ಟಿ ಉಳಿದೇ ಇರುತ್ತದೆ, ಅದು ಆ ಭಾಷೆಯ ರನ್‌ಟೈಮಿಗೇ ಬೇಕು. ಇನ್ನು, ಹೆಸರಿಲ್ಲದ ಯಂತ್ರಭಾಷೆಯನ್ನು ಮನುಷ್ಯರು ಓದಬಲ್ಲ ರೂಪಕ್ಕೆ ತರುವ ಗಿಡ್ರಾ ಎಂಬ ಉಪಕರಣವನ್ನು 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟವರು ಯಾರು? ಅದೇ ಎನ್ಎಸ್ಎ.

ಈ ವಾದಕ್ಕೆ ಇನ್ನೂ ಬಲವಾದ ಪೆಟ್ಟು ಮೈಕ್ರೋಸಾಫ್ಟ್‌ನಿಂದಲೇ ಬಂದಿದೆ. ಜಗತ್ತಿನಲ್ಲಿ ಅತಿ ಹೆಚ್ಚು ದಾಳಿಗೆ ಗುರಿಯಾಗುವ ತಂತ್ರಾಂಶಗಳಲ್ಲಿ ವಿಂಡೋಸ್ ಒಂದು. ಅದರ ಸಿಂಬಲ್‌ಗಳನ್ನು ಆ ಕಂಪನಿ ಸಾರ್ವಜನಿಕ ಸರ್ವರ್‌ನಲ್ಲಿ ಇಟ್ಟಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೂರ್ತಿ ಕೊಡುವುದಿಲ್ಲ ನಿಜ. ಫಂಕ್ಷನ್‌ಗಳ ಹೆಸರು ಸಿಗುತ್ತದೆ, ಸೋರ್ಸ್ ಸಾಲುಗಳ ವಿವರ, ಒಳಗಿನ ವೇರಿಯಬಲ್‌ಗಳ ಹೆಸರು ಸಿಗುವುದಿಲ್ಲ. ವಿಂಡೋಸ್‌ಗೆ ಡ್ರೈವರ್ ಬರೆಯುವ, ಅದರ ಮೇಲೆ ಆ್ಯಪ್ ಕಟ್ಟುವ ಲಕ್ಷಾಂತರ ಜನರಿಗೆ ತಮ್ಮ ಕ್ರ್ಯಾಶ್ ಅರ್ಥವಾಗಬೇಕಾದರೆ ಇಷ್ಟಾದರೂ ಬೇಕೇ ಬೇಕು ಎಂದು ಕಂಪನಿಗೆ ಮನವರಿಕೆಯಾಗಿದೆ. 1999ರಲ್ಲಿ ಮರೆತು ಬಿಟ್ಟುಕೊಟ್ಟಂಥದ್ದನ್ನೇ ಈಗ ಗೊತ್ತಿದ್ದು ಹಂಚುತ್ತಿದೆ. ವಿಂಡೋಸ್‌ಗೆ ಇಲ್ಲದ ಗುಟ್ಟು ನಮ್ಮ ಬಿಲ್ಲಿಂಗ್ ಆ್ಯಪ್‌ಗೆ ಏನಿದೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಈಗ ನಷ್ಟದ ಕಡೆ ನೋಡೋಣ. ಗ್ರಾಹಕರ ಯಂತ್ರದಲ್ಲಿ ಪ್ರೋಗ್ರಾಮ್ ಕುಸಿದುಬಿತ್ತು, ಆ ಕ್ಷಣದ ಮೆಮೊರಿಯ ಪ್ರತಿಯಾದ ಕೋರ್ ಡಂಪ್ ನಿಮ್ಮ ಕೈಸೇರಿತು. ಜಿಡಿಬಿ ಎಂಬ ಡೀಬಗರಿನಲ್ಲಿ ತೆರೆದು, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂದು ತೋರಿಸುವ ಬ್ಯಾಕ್‌ಟ್ರೇಸ್ ಕೇಳುತ್ತೀರಿ. ಒಂದರ ಕೆಳಗೊಂದು ಸಾಲು ಬರುತ್ತದೆ. ಪ್ರತಿ ಸಾಲಿನಲ್ಲೂ ಒಂದು ಉದ್ದದ ಹೆಕ್ಸ್ ವಿಳಾಸ, ಅದರ ಮುಂದೆ ಹೆಸರಿರಬೇಕಾದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ: ??. ಮೇಲಿಂದ ಕೆಳಗಿನವರೆಗೆ ಅದೇ. ನಡುವೆ ಎಲ್ಲೋ ಸಿ ಲೈಬ್ರರಿಯ ಒಂದು ಹೆಸರು ಇಣುಕಿದರೆ ಅದೇ ಪುಣ್ಯ. ಅದೇ ಡಂಪಿಗೆ ಸರಿಯಾದ ಸಿಂಬಲ್ ಕಡತವನ್ನು ಜೋಡಿಸಿ ಮತ್ತೆ ಕೇಳಿ. ಪ್ರಶ್ನೆಚಿಹ್ನೆಗಳೆಲ್ಲ ಫಂಕ್ಷನ್ ಹೆಸರುಗಳಾಗುತ್ತವೆ, ಪಕ್ಕದಲ್ಲಿ ಕಡತದ ಹೆಸರು, ಸಾಲಿನ ಸಂಖ್ಯೆ, ಆ ಹೊತ್ತಿಗೆ ಒಳಗೆ ಬಂದಿದ್ದ ಬೆಲೆಗಳು. ಶೂನ್ಯವಾಗಬಾರದ ಪಾಯಿಂಟರ್ ಎಲ್ಲಿ ಶೂನ್ಯವಾಯಿತೆಂದು ಬಹಳ ಸಲ ಓದಿದ ಕೂಡಲೇ ತಿಳಿಯುತ್ತದೆ. ಕುಸಿದ ಪ್ರೋಗ್ರಾಮ್ ಒಂದೇ, ಡಂಪ್ ಒಂದೇ. ಒಂದು ಸಂದರ್ಭದಲ್ಲಿ ವಾರಗಟ್ಟಲೆ ಊಹೆ, ಇನ್ನೊಂದರಲ್ಲಿ ಅರ್ಧ ಗಂಟೆಯ ಕೆಲಸ.

'ಸೋರ್ಸ್ ಕೋಡ್ ನಮ್ಮಲ್ಲೇ ಇದೆಯಲ್ಲ, ಬೇಕಾದಾಗ ಮತ್ತೆ ಬಿಲ್ಡ್ ಮಾಡಿದರಾಯಿತು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಈ ವಿಷಯದ ಅತಿ ದುಬಾರಿ ತಪ್ಪುಗ್ರಹಿಕೆ. ಕಂಪೈಲರಿನ ಆವೃತ್ತಿ ಒಂದು ಹೆಜ್ಜೆ ಬದಲಾಗಿದ್ದರೂ, ಜೊತೆಗಿದ್ದ ಒಂದು ಲೈಬ್ರರಿ ಹೊಸದಾಗಿದ್ದರೂ ಫಂಕ್ಷನ್‌ಗಳು ಬೇರೆ ವಿಳಾಸದಲ್ಲಿ ಕೂರುತ್ತವೆ. ಬೈಟಿಗೆ ಬೈಟ್ ಒಂದೇ ಕಡತ ಹುಟ್ಟುವಂತೆ ಬಿಲ್ಡ್ ಮಾಡುವ ಶಿಸ್ತು ಇದೆ, ಡೆಬಿಯನ್‌ನಂಥ ಸಮುದಾಯಗಳು ವರ್ಷಗಟ್ಟಲೆ ಅದಕ್ಕಾಗಿ ದುಡಿದಿವೆ. ಕಚೇರಿಗಳಲ್ಲಿ ಆ ಶಿಸ್ತು ಅಪರೂಪ. ಅದಿಲ್ಲದ ಕಡೆ ಇಂದು ಮತ್ತೆ ಬಿಲ್ಡ್ ಮಾಡಿ ಪಡೆದ ಹೆಸರುಗಳು ನಿನ್ನೆಯ ಕುಸಿತಕ್ಕೆ ಹೊಂದುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಕೆಲವೊಮ್ಮೆ ಅರೆಬರೆ ಹೊಂದಿ ತಪ್ಪು ಫಂಕ್ಷನ್ನಿನ ಕಡೆ ಬೊಟ್ಟುಮಾಡುತ್ತವೆ. ಹೆಸರುಗಳನ್ನು ಉಳಿಸಿಕೊಳ್ಳುವುದಿದ್ದರೆ ಕಡತ ಹುಟ್ಟಿದ ಕ್ಷಣದಲ್ಲೇ ಉಳಿಸಿಕೊಳ್ಳಬೇಕು.

ಅದಕ್ಕೆ ಬೇಕಾದ ಏರ್ಪಾಡು ಹೊಸದೇನಲ್ಲ. ಡೀಬಗ್ ಮಾಹಿತಿಯನ್ನು ಬೇರೆ ಕಡತಕ್ಕೆ ಎತ್ತಿಟ್ಟು ಆಮೇಲೆ ಸ್ಟ್ರಿಪ್ ಮಾಡುವುದು ಎರಡು ಕಮಾಂಡಿನ ಕೆಲಸ. ಎರಡೂ ಕಡತಗಳಲ್ಲಿ ಒಂದೇ ಗುರುತು ಇರುವಂತೆ ಬಿಲ್ಡ್ ಐಡಿ ಎಂಬ, ಸಾಮಾನ್ಯವಾಗಿ 20 ಬೈಟ್‌ಗಳ ಮುದ್ರೆಯನ್ನು ಲಿಂಕರ್ ಒತ್ತುತ್ತದೆ. ಫೆಡೋರಾ 2007ರಿಂದಲೇ ಇದನ್ನು ಬಳಸುತ್ತಿದೆ. 2019ರಲ್ಲಿ ಬಂದ ಡೀಬಗ್‌ಇನ್ಫೋಡಿ ಎಂಬ ಸರ್ವರ್ ಆ ಮುದ್ರೆಯನ್ನು ಕೊಟ್ಟರೆ ತಕ್ಕ ಸಿಂಬಲ್ ಕಡತವನ್ನು ತಾನೇ ಹುಡುಕಿ ಕಳಿಸುತ್ತದೆ. ಡೆಬಿಯನ್‌ನ ನೀತಿ ಬೈನರಿಗಳನ್ನು ಸ್ಟ್ರಿಪ್ ಮಾಡಿ ಎನ್ನುತ್ತದೆ, ಜೊತೆಗೆ ಅದರ ಉಪಕರಣಗಳು ಕಿತ್ತದ್ದನ್ನೆಲ್ಲ ಪ್ರತ್ಯೇಕ ಪ್ಯಾಕೇಜಾಗಿ ತಾವೇ ಕಟ್ಟಿ ಸರ್ವರ್‌ನಲ್ಲಿ ಇಡುತ್ತವೆ. ಆ್ಯಪಲ್‌ನಲ್ಲೂ ಮೈಕ್ರೋಸಾಫ್ಟ್‌ನಲ್ಲೂ ಬೇರೆ ಹೆಸರಿನಲ್ಲಿ ಇದೇ ಪದ್ಧತಿ. ಉಪಕರಣದ ಕೊರತೆ ಯಾರಿಗೂ ಇಲ್ಲ ಎಂದಾಯಿತು.

ಇಲ್ಲಿಯವರೆಗಿನ ವಾದ ತಯಾರಕರ ಸ್ವಂತ ಹಿತದ್ದು. ಹೆಸರುಗಳು ಹೊರಗಿನವರಿಗೂ ಏಕೆ ಬೇಕು ಎಂಬುದಕ್ಕೆ 2024ರ ಮಾರ್ಚ್ ತಿಂಗಳಿನ ಎಕ್ಸ್‌ಝಡ್ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಡೆಬಿಯನ್‌ನ ಪ್ರಯೋಗಾವೃತ್ತಿಯಲ್ಲಿ ವೇಗದ ಪರೀಕ್ಷೆ ನಡೆಸುತ್ತಿದ್ದರು. ಎಸ್ಎಸ್ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದು, ಅನಗತ್ಯವಾಗಿ ಸಿಪಿಯು ತಿನ್ನುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಪರ್ಫ್ ಎಂಬ ಅಳತೆಯ ಉಪಕರಣ ಹಚ್ಚಿ ನೋಡಿದರು. ಹೆಚ್ಚಿನ ಸಮಯವೆಲ್ಲ ಎಕ್ಸ್‌ಝಡ್‌ನ ಭಾಗವಾದ ಲಿಬ್‌ಎಲ್‌ಝಡ್‌ಎಂಎ ಎಂಬ ಕಡತ ಕುಗ್ಗಿಸುವ ಲೈಬ್ರರಿಯೊಳಗೆ ಹೋಗುತ್ತಿತ್ತು. ಆದರೆ ಅಲ್ಲಿ ಯಾವ ಫಂಕ್ಷನ್ ಎಂದು ಪರ್ಫ್‌ಗೆ ಹೇಳಲಾಗಲಿಲ್ಲ. ಆ ಜಾಗಕ್ಕೆ ಹೆಸರೇ ಇರಲಿಲ್ಲ. ಕೆಲವು ವಾರ ಹಿಂದೆ ಇನ್ನೊಂದು ಉಪಕರಣ ಕೊಟ್ಟಿದ್ದ ವಿಚಿತ್ರ ದೂರೊಂದು ಅವರಿಗೆ ನೆನಪಾಯಿತು. ಎಳೆ ಹಿಡಿದು ಹೋದಾಗ ಸಿಕ್ಕಿದ್ದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಪರೀಕ್ಷಾ ಕಡತಗಳ ಸೋಗಿನಲ್ಲಿ ಅಡಗಿಸಿಟ್ಟಿದ್ದ ಹಿಂಬಾಗಿಲು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರ್‌ಗಳನ್ನು ಹೊಕ್ಕುಬಿಡುತ್ತಿತ್ತು.

ಅಲ್ಲಿ ಸಂಶಯ ಹುಟ್ಟಿಸಿದ ಸಂಗತಿಗಳಲ್ಲಿ ಒಂದು, ಹೆಸರಿಲ್ಲದ ಕೋಡ್. ಆದರೆ ಹೆಸರಿಲ್ಲದಿರುವುದು ಯಾವಾಗ ಸಂಶಯಾಸ್ಪದವಾಗುತ್ತದೆ? ಸುತ್ತಮುತ್ತ ಉಳಿದದ್ದಕ್ಕೆಲ್ಲ ಹೆಸರಿದ್ದಾಗ ಮಾತ್ರ. ಎಲ್ಲ ಸಾಲೂ ಪ್ರಶ್ನೆಚಿಹ್ನೆಯೇ ಆಗಿರುವ ವ್ಯವಸ್ಥೆಯಲ್ಲಿ ಇನ್ನೊಂದು ಪ್ರಶ್ನೆಚಿಹ್ನೆಯನ್ನು ಯಾರು ಗಮನಿಸುತ್ತಾರೆ? ಸಿಂಬಲ್ ಬಚ್ಚಿಡುವುದು ಭದ್ರತೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಬಚ್ಚಿಟ್ಟರೆ ದಾಳಿಕೋರನಿಗೆ ಆಗುವುದು ಕೆಲವು ದಿನಗಳ ತಡ. ಕಾವಲಿರುವವರ ಕಣ್ಣಿಗಾದರೆ ಕಾಯಂ ಮಬ್ಬು. ಸಂಬಳವಿಲ್ಲದೆ, ಕುತೂಹಲದಿಂದ ನೋಡುವ ಮೂರನೆಯವರಿಗಂತೂ ಬಾಗಿಲೇ ಮುಚ್ಚಿತು.

ಹಳೆಯದಾದ ತಂತ್ರಾಂಶದ ಪ್ರಶ್ನೆಯೂ ಇದೆ. 1996ರ ಕೊನೆಯಲ್ಲಿ ಬಂದ ಡಯಾಬ್ಲೋ ಎಂಬ ಆಟವನ್ನು 2018ರಲ್ಲಿ ಅಭಿಮಾನಿಗಳು ಯಂತ್ರಭಾಷೆಯಿಂದ ಮರಳಿ ಸೋರ್ಸ್ ಕೋಡಿನ ರೂಪಕ್ಕೆ ತಂದರು. ಡೆವಿಲ್ಯೂಷನ್ ಎಂಬ ಆ ಸಾಹಸಕ್ಕೆ ದೊಡ್ಡ ಆಸರೆಯಾದದ್ದು ಆಟದ ಜಪಾನಿ ಪ್ಲೇಸ್ಟೇಷನ್ ಸಿಡಿಯಲ್ಲಿ ಯಾರೋ ಮರೆತು ಬಿಟ್ಟಿದ್ದ ಒಂದು ಸಿಂಬಲ್ ಕಡತ. ಹಕ್ಕುಸ್ವಾಮ್ಯದ ದೃಷ್ಟಿಯಲ್ಲಿ ಇದು ಸರಿಯೇ ಎಂಬ ಚರ್ಚೆ ಬೇರೆ. ಇಪ್ಪತ್ತು ವರ್ಷದ ನಂತರ ಒಂದು ಪ್ರೋಗ್ರಾಮನ್ನು ಹೊಸ ಯಂತ್ರಗಳಲ್ಲಿ ಬದುಕಿಸಲು ನೆರವಾದದ್ದು ಒಬ್ಬರ ಅಜಾಗರೂಕತೆ ಎಂಬುದು ನನ್ನನ್ನು ಕಾಡುತ್ತದೆ. ಆಟ ಹೋಗಲಿ. ಆಸ್ಪತ್ರೆಯ ಉಪಕರಣ, ವಿದ್ಯುತ್ ಮೀಟರ್, ಬಸ್ಸಿನ ಟಿಕೆಟ್ ಯಂತ್ರಗಳ ಒಳಗೂ ಇಂಥ ಬೈನರಿಗಳೇ ಇರುವುದು. ಮಾಡಿದ ಕಂಪನಿ ಮುಚ್ಚಬಹುದು, ಗುತ್ತಿಗೆ ಮುಗಿಯಬಹುದು. ಯಂತ್ರ ಓಡುತ್ತಲೇ ಇರುತ್ತದೆ.

ಸಾರ್ವಜನಿಕ ಹಣದಲ್ಲಿ ಕೊಳ್ಳುವ ತಂತ್ರಾಂಶಕ್ಕೆ ಕೆಲವೆಡೆ ಸೋರ್ಸ್ ಕೋಡನ್ನು ಮೂರನೆಯವರಲ್ಲಿ ಠೇವಣಿ ಇಡಬೇಕೆಂಬ ಷರತ್ತು ಇರುತ್ತದೆ. ಒಳ್ಳೆಯದೇ. ಆದರೆ ಮೇಲೆ ಹೇಳಿದ ಕಾರಣಕ್ಕೆ ಅದು ಅರ್ಧ ಠೇವಣಿ. ಯಂತ್ರದಲ್ಲಿ ನಿಜಕ್ಕೂ ಓಡುತ್ತಿರುವ ಕಡತದ ಬಿಲ್ಡ್ ಐಡಿಗೆ ಹೊಂದುವ ಸಿಂಬಲ್ ಕಡತವೂ ಅದರ ಜೊತೆಗಿರಬೇಕು. ಪ್ರತಿ ಅಪ್‌ಡೇಟಿಗೂ ಹೊಸದು ಸೇರಬೇಕು. ಎಲ್ಲರಿಗೂ ತೆರೆದಿಡಿ ಎಂದು ಹಟ ಹಿಡಿಯಬೇಕಾಗಿಲ್ಲ. ಮೈಕ್ರೋಸಾಫ್ಟ್ ಮಾಡುವಂತೆ ಫಂಕ್ಷನ್ ಹೆಸರುಗಳಷ್ಟನ್ನು ಹಂಚಿ ಉಳಿದದ್ದನ್ನು ಠೇವಣಿಯಲ್ಲಿ ಇಡಬಹುದು.

ಒಂದು ಆಕ್ಷೇಪಕ್ಕೆ ಮಾತ್ರ ತಲೆದೂಗಲೇಬೇಕು. ಡೀಬಗ್ ಮಾಹಿತಿಯಲ್ಲಿ ಕಡತಗಳ ಪೂರ್ತಿ ದಾರಿ ದಾಖಲಾಗುತ್ತದೆ. ಬಿಲ್ಡ್ ಮಾಡಿದವರ ಲಾಗಿನ್ ಹೆಸರು, ಒಳಗಿನ ಪ್ರಾಜೆಕ್ಟಿನ ಗುಪ್ತನಾಮ ಹಾಗೇ ಹೊರಬೀಳುತ್ತವೆ. ಇರಾನಿನ ಯುರೇನಿಯಂ ಘಟಕವನ್ನು ಕೆಡಿಸಿದ ಸ್ಟಕ್ಸ್‌ನೆಟ್ ವರ್ಮ್ 2010ರಲ್ಲಿ ಬೆಳಕಿಗೆ ಬಂದಾಗ ಅದರ ಒಂದು ಡ್ರೈವರಿನಲ್ಲಿ ಇಂಥದೇ ದಾರಿ ಉಳಿದಿತ್ತು: 'ಮಿರ್ಟಸ್' ಎಂಬ ಫೋಲ್ಡರ್, 'ಗ್ವಾವಾ' ಎಂಬ ಹೆಸರಿನ ಕಡತ. ಗ್ವಾವಾ ಎಂದರೆ ಸೀಬೆ, ಅದರ ಗಿಡ ಮಿರ್ಟಲ್ ಕುಟುಂಬದ್ದು. ಮಿರ್ಟಲ್‌ನಿಂದ ಬೈಬಲ್ಲಿನ ಎಸ್ತರ್ ರಾಣಿಯ ಹೀಬ್ರೂ ಹೆಸರಿಗೆ, ಅಲ್ಲಿಂದ ಇಸ್ರೇಲಿಗೆ ಕೆಲವರು ಗೆರೆ ಎಳೆದರು. 'ಮಿರ್ಟಸ್' ಎಂಬುದು ಕಾರ್ಖಾನೆಯ ಆರ್‌ಟಿಯು ಎಂಬ ನಿಯಂತ್ರಣ ಸಾಧನಗಳನ್ನು ಸೂಚಿಸುವ ಸಂಕ್ಷಿಪ್ತ ರೂಪವಷ್ಟೇ ಎಂದರು ಇನ್ನು ಕೆಲವರು. ಯಾವುದೂ ಸಾಬೀತಾಗಲಿಲ್ಲ. ಗೂಢಚಾರರಿಗೆ ಇದರಿಂದ ಮುಜುಗರವಾದರೆ ನನಗೇನೂ ಬೇಸರವಿಲ್ಲ. ಸಾಮಾನ್ಯ ಉದ್ಯೋಗಿಯೊಬ್ಬರ ಹೆಸರು ಸಾವಿರಾರು ಪ್ರತಿಗಳಲ್ಲಿ ಊರೂರು ಸುತ್ತುವುದು ಸರಿಯಲ್ಲ. ಇದಕ್ಕೆ ಪರಿಹಾರ ಕಂಪೈಲರಿನಲ್ಲೇ ಇದೆ. ದಾರಿಯ ಮೊದಲ ಭಾಗವನ್ನು ಬೇರೊಂದಕ್ಕೆ ಬದಲಿಸುವ ಆಯ್ಕೆ ಜಿಸಿಸಿಯಲ್ಲಿ ಉಂಟು. ಬಿಲ್ಡ್ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದರಾಯಿತು.

ಎಷ್ಟು ಕಾಲ ಇಟ್ಟುಕೊಳ್ಳಬೇಕು ಎಂಬುದೊಂದು ಉಳಿಯಿತು. ಜಾಗ ಉಳಿಸಲೆಂದು ಬಿಲ್ಡ್ ಸರ್ವರ್‌ಗಳು ಹಳೆಯ ಬಿಲ್ಡ್‌ಗಳನ್ನು ಕೆಲವು ವಾರಕ್ಕೋ ತಿಂಗಳಿಗೋ ಅಳಿಸುವಂತೆ ಹೊಂದಿಸಿರುತ್ತಾರೆ, ಸಿಂಬಲ್ ಕಡತಗಳೂ ಆ ಕಸದ ಜೊತೆ ಹೋಗುತ್ತವೆ. ಗೋಡೆಗೆ ಕೂರಿಸಿದ ಮೀಟರ್ ಹತ್ತು ವರ್ಷ ಮೀರಿ ಓಡುತ್ತದೆ. ಆ ಬೈನರಿ ಓಡುವ ಕೊನೆಯ ಯಂತ್ರ ಕಳಚಿಡುವ ದಿನದವರೆಗೆ ಅದರ ಸಿಂಬಲ್ ಕಡತ ಅಳಿಸುವಂತಿಲ್ಲ ಎಂಬ ಮಾತು ಟೆಂಡರಿನ ಷರತ್ತುಗಳಲ್ಲಿ ಅಚ್ಚಾಗಿರಬೇಕು, ಯಾರ ಖರ್ಚಿನಲ್ಲಿ ಎಂಬುದೂ ಅಲ್ಲೇ ಇರಬೇಕು.